ಬೇಸಿಗೆ ಖಾಲಿ ಇರುವುದಿಲ್ಲ

(ಪದವಿ ಮತ್ತು ಸ್ನಾತಕೋತ್ತರ ಅಧ್ಯಾಪಕರ ಸಭೆಯೊಂದರಲ್ಲಿ ಆಡಿದ ಮಾತುಗಳು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೇಸಿಗೆ ಕೋರ್ಸುಗಳನ್ನು ಹೇಗೆ ಯೋಜಿಸಬೇಕು ಅಂತ ಮಾತಾಡಲು ಕರೆದಿದ್ದೀರಿ. ನಾನು ಒಂದು ಕ್ಲಾಸ್‌ರೂಮಿನಿಂದ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಮೊದಲ ಸಲ ಬೇಸಿಗೆ ಕೋರ್ಸು ಇಟ್ಟೆವು. ಹಿಂದಿನ ಸೆಮಿಸ್ಟರ್‌ಗಳಲ್ಲಿ ಪಾಸಾಗದೆ ಪೇಪರ್ ಉಳಿಸಿಕೊಂಡ ಮಕ್ಕಳಿಗಾಗಿ. ಏಪ್ರಿಲ್ ಮೊದಲ ವಾರ ಸುತ್ತೋಲೆ ಹೊರಟಿತು. 40 ಮಕ್ಕಳು ಹೆಸರು ಕೊಟ್ಟರು. ನಮಗೆಲ್ಲ ಖುಷಿಯೋ ಖುಷಿ. ಮೇ ತಿಂಗಳ ಮೊದಲ ಸೋಮವಾರ ಬೆಳಿಗ್ಗೆ 10 ಗಂಟೆಗೆ ಕ್ಲಾಸಿಗೆ ಹೋದರೆ ಒಳಗೆ ಕೂತಿದ್ದವರು 11 ಜನ. ಎರಡನೇ ವಾರಕ್ಕೆ 6 ಜನ ಉಳಿದರು.

ಸ್ಟಾಫ್ ರೂಮಿನಲ್ಲಿ ಮಾತು ಶುರುವಾಯಿತು. ಈಗಿನ ಮಕ್ಕಳಿಗೆ ಓದು ಬೇಡ, ಮೊಬೈಲ್ ಒಂದಿದ್ದರೆ ಸಾಕು, ಹೀಗೆ. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೂ ಹಾಗೇ ಅನಿಸಿತ್ತು. ಆದರೆ ಹೆಸರಿನ ಪಟ್ಟಿ ಕೈಯಲ್ಲೇ ಇತ್ತು. ಬರದವರಿಗೆ ಒಬ್ಬೊಬ್ಬರಿಗೆ ಫೋನ್ ಮಾಡಿದೆ. ಎರಡು ಸಂಜೆ ಬೇಕಾಯಿತು.

ಒಬ್ಬ ಹುಡುಗ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಫೋನಿನಲ್ಲಿ ಅವನ ದನಿಗಿಂತ ಕಾಂಕ್ರೀಟ್ ಕಲಸುವ ಮಿಷನ್ನಿನ ಸದ್ದೇ ಜಾಸ್ತಿ ಕೇಳುತ್ತಿತ್ತು. "ಸರ್, ಬರೂ ಮನಸ್ಸೈತ್ರಿ. ಆದ್ರ ಮುಂದಿನ ವರ್ಷದ ಫೀ ಇಲ್ಲಿಂದ್ಲೇ ಆಗಬೇಕ್ರಿ" ಅಂದ. ಒಬ್ಬಳ ಅಕ್ಕನ ಮದುವೆ. ಇನ್ನೊಬ್ಬ ಇರುತ್ತಿದ್ದ, ಹಿಂದುಳಿದ ವರ್ಗಗಳ ಇಲಾಖೆಯ ಬಿಸಿಎಂ ಹಾಸ್ಟೆಲ್ ರಜೆಗೆ ಬಾಗಿಲು ಹಾಕಿತ್ತು. ಮತ್ತೊಬ್ಬನ ಬಸ್ ಪಾಸಿನ ಅವಧಿ ಮುಗಿದಿತ್ತು. ವಿದ್ಯಾರ್ಥಿ ಪಾಸು ಸಾಮಾನ್ಯವಾಗಿ 10 ತಿಂಗಳದ್ದು, ಬೇಸಿಗೆಗೆ ಬರುವುದಿಲ್ಲ. ದಿನಾ ಹೋಗಿಬರಲು ಅವನ ಹತ್ತಿರ ದುಡ್ಡಿರಲಿಲ್ಲ. ಒಬ್ಬಳು ಹೇಳಿದಳು, "ನಮ್ಮೂರಿಗೆ ಕಾಲೇಜ್ ಟೈಮಿಗೆ ಬರೂ ಬಸ್ಸು ರಜಾದಾಗ ಬರಂಗಿಲ್ರಿ."

ಓದಲು ಮನಸ್ಸಿಲ್ಲ ಅಂತ ಹೇಳಿದವರು ಒಬ್ಬರೂ ಇರಲಿಲ್ಲ.

ಅವತ್ತು ನನಗೆ ಗೊತ್ತಾಗಿದ್ದು ಇಷ್ಟು. ನಾವು ಬೇಸಿಗೆಯನ್ನು ಕ್ಯಾಲೆಂಡರಿನ ಖಾಲಿ ಜಾಗ ಅಂದುಕೊಂಡಿದ್ದೆವು. ಕಟ್ಟಡ ಖಾಲಿ, ಬೆಂಚು ಖಾಲಿ, ಟೈಮ್‌ಟೇಬಲ್ ಖಾಲಿ. ಹಾಗಾಗಿ ಒಂದು ಕೋರ್ಸು ತಂದು ಅಲ್ಲಿ ಇಟ್ಟೆವು. ಆದರೆ ಮಕ್ಕಳ ಬೇಸಿಗೆ ಖಾಲಿ ಇರಲಿಲ್ಲ. ಅದರಲ್ಲಿ ದುಡಿಮೆ ಇತ್ತು, ಮದುವೆ ಇತ್ತು, ಜಾತ್ರೆ ಇತ್ತು, ಮನೆ ಇತ್ತು. ಬೇಸಿಗೆ ಕೋರ್ಸು ಅಂದರೆ ಅದರಲ್ಲಿ ಒಂದನ್ನು ಬಿಟ್ಟು ಬಾ ಅಂತ ಕೇಳಿದ ಹಾಗೆ. ಬಿಟ್ಟು ಬರಬೇಕಾದದ್ದು ಏನು ಅಂತ ನಮಗೆ ಮೊದಲೇ ಗೊತ್ತಿರಬೇಕು, ಅಲ್ವಾ? ಈವತ್ತು ನಾನು ಹೇಳುವ ಬಾಕಿ ಎಲ್ಲವೂ ಈ ಒಂದು ಮಾತಿನಿಂದಲೇ ಹುಟ್ಟಿದ್ದು.

ಮೊದಲು ನಿಯಮ ಏನು ಹೇಳುತ್ತದೆ ನೋಡೋಣ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2022ರ ಡಿಸೆಂಬರಿನಲ್ಲಿ ಪದವಿ ಕೋರ್ಸುಗಳಿಗೆ ಒಂದು ಚೌಕಟ್ಟು ಹೊರಡಿಸಿತು. ಅದರಲ್ಲಿ ಬೇಸಿಗೆ ಅವಧಿ ಅಂದರೆ ರಜೆಯೊಳಗಿನ 8 ವಾರ. ಇಂಟರ್ನ್‌ಶಿಪ್ ಮಾಡಿಸಬಹುದು, ಹೆಚ್ಚಿನ ಕೋರ್ಸು ಕೊಡಬಹುದು, ಉಳಿದ ಪೇಪರುಗಳನ್ನು ವೇಗವಾಗಿ ಮುಗಿಸಿಕೊಡಬಹುದು. ಯಾವ ಕೋರ್ಸು ಅನ್ನುವುದನ್ನು ಎಷ್ಟು ಅಧ್ಯಾಪಕರು ಸಿಗುತ್ತಾರೆ, ಎಷ್ಟು ಮಕ್ಕಳು ಬರುತ್ತಾರೆ ಅಂತ ನೋಡಿ ಸಂಸ್ಥೆಯೇ ತೀರ್ಮಾನಿಸಬಹುದು. ಅದೇ ಚೌಕಟ್ಟಿನಲ್ಲಿ ಮೊದಲ ವರ್ಷಕ್ಕೇ ಓದು ಬಿಟ್ಟು ಹೊರಡುವವರಿಗೂ ಒಂದು ದಾರಿ ಇದೆ. 40 ಕ್ರೆಡಿಟ್ ಗಳಿಸಿ, ಬೇಸಿಗೆಯಲ್ಲಿ 4 ಕ್ರೆಡಿಟ್ಟಿನ ವೃತ್ತಿ ಕೋರ್ಸು ಮುಗಿಸಿದರೆ ಸರ್ಟಿಫಿಕೇಟ್ ಸಿಗುತ್ತದೆ.

ನಮ್ಮ ರಾಜ್ಯ 2024ರಲ್ಲಿ ನಾಲ್ಕು ವರ್ಷದ ಪದವಿ ಕ್ರಮ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂತು. ಹಾಗಾಗಿ ಹೊಸ ಬ್ಯಾಚಿಗೆ ಒಂದು ವ್ಯವಸ್ಥೆ, ಹಳೇ ಬ್ಯಾಚಿಗೆ ಇನ್ನೊಂದು. ಆದರೆ ಪಠ್ಯಕ್ರಮ ಎಷ್ಟು ಸಲ ಬದಲಾದರೂ ಉಳಿದ ಪೇಪರು ಉಳಿದೇ ಇರುತ್ತದೆ. ಪಠ್ಯಕ್ರಮ ಬದಲಾದ ಹೊತ್ತಿನಲ್ಲಿ ಹಳೇ ಪೇಪರ್ ಉಳಿಸಿಕೊಂಡ ಮಕ್ಕಳ ಕಷ್ಟ ಜಾಸ್ತಿಯೇ ಆಗುತ್ತದೆ, ಯಾಕೆಂದರೆ ಅವರ ಪಾಠವನ್ನು ಈಗ ಯಾವ ಕ್ಲಾಸಿನಲ್ಲೂ ಮಾಡುತ್ತಿರುವುದಿಲ್ಲ.

ಈಗ ಲೆಕ್ಕ. ಒಂದು ಕ್ರೆಡಿಟ್ ಅಂದರೆ 15 ಗಂಟೆ ಪಾಠ, ಪ್ರಾಯೋಗಿಕವಾದರೆ 30 ಗಂಟೆ. 4 ಕ್ರೆಡಿಟ್ಟಿನ ಥಿಯರಿ ಪೇಪರಿಗೆ 60 ಗಂಟೆ. 8 ವಾರ, ವಾರಕ್ಕೆ 6 ದಿನ ಅಂದರೆ ದಿನಕ್ಕೆ ಒಂದೂಕಾಲು ಗಂಟೆ. ಕಾಗದದ ಮೇಲೆ ಇದು ಆರಾಮಾಗಿ ಕಾಣುತ್ತದೆ. ಆದರೆ ನಮ್ಮ ಕಡೆ 8 ವಾರ ಎಲ್ಲಿಂದ ತರುವುದು? ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿದರೂ ಬಸವ ಜಯಂತಿಯ ಆಸುಪಾಸು ಮದುವೆಗಳು ಸಾಲುಗಟ್ಟಿ ಬರುತ್ತವೆ. ಜೂನ್ ಎರಡನೇ ವಾರ ನಾಲ್ಕು ಹನಿ ಬಿದ್ದರೆ ಹೆಸರು, ಉದ್ದು, ತೊಗರಿ ಬಿತ್ತನೆಗೆ ಮಕ್ಕಳು ಹೊಲಕ್ಕೆ ಬೇಕು. ಮಳೆ ಬಂದ ದಿನ ಒಬ್ಬ ರೈತನ ಮಗನಿಗೆ ಕ್ಲಾಸಿಗೆ ಬಾ ಅಂತ ಹೇಳುವುದು ತಪ್ಪು. ನಾನಂತೂ ಹೇಳುವುದಿಲ್ಲ.

ಹಾಗಾಗಿ ನಾವು 8 ವಾರವನ್ನು 5 ವಾರಕ್ಕೆ ಇಳಿಸಿದೆವು. 5 ವಾರ, ವಾರಕ್ಕೆ 6 ದಿನ, ಒಟ್ಟು 30 ದಿನ. ದಿನಕ್ಕೆ 2 ಗಂಟೆ ಪಾಠ ಮಾಡಿದರೆ 60 ಗಂಟೆ ಸರಿಹೋಗುತ್ತದೆ. ಒಬ್ಬರಿಗೆ ಎರಡು ಪೇಪರಿಗಿಂತ ಜಾಸ್ತಿ ಕೊಡಬಾರದು ಅಂತಲೂ ಮಾಡಿಕೊಂಡೆವು. "ಸರ್, ನಂದು ನಾಲ್ಕು ಉಳಿದಾವ್ರಿ, ನಾಲ್ಕೂ ಕೊಡ್ರಿ" ಅಂತ ಬರುತ್ತಾರೆ. ಆಸೆ ಅರ್ಥವಾಗುತ್ತದೆ. ಆದರೆ ದಿನಕ್ಕೆ 8 ಗಂಟೆ ಕ್ಲಾಸಿನಲ್ಲಿ ಕೂತು, ಮನೆಗೆ ಹೋಗಿ ಓದುವುದು ಯಾವಾಗ?

ಹೊತ್ತು ಯಾವುದು ಅನ್ನುವುದು ಇನ್ನೊಂದು ದೊಡ್ಡ ಪ್ರಶ್ನೆ. ಸರ್ಕಾರ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದಲ್ಲಿ, ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಚೇರಿ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ನಿಮಗೆಲ್ಲ ಗೊತ್ತೇ ಇದೆ. ಕಚೇರಿಯ ಫೈಲಿಗೇ ಬಿಸಿಲು ತಾಗಬಾರದು ಅಂತಿದ್ದರೆ ಮಕ್ಕಳಿಗೆ? ಅವರು 10 ಗಂಟೆಗೆ ಬಂದು 4 ಗಂಟೆಗೆ ಹೋಗಬೇಕು ಅಂತ ಮೊದಲ ವರ್ಷ ನಾವೇ ಇಟ್ಟಿದ್ದೆವು. 42 ಡಿಗ್ರಿ ಬಿಸಿಲಿನಲ್ಲಿ, ಮೇಲಿನ ಮಹಡಿಯಲ್ಲಿ, ಕರೆಂಟ್ ಹೋದ ಕ್ಲಾಸಿನಲ್ಲಿ ಮಧ್ಯಾಹ್ನ 2 ಗಂಟೆಗೆ ಯಾರಿಗೂ ಏನೂ ತಲೆಗೆ ಹತ್ತುವುದಿಲ್ಲ. ಪಾಠ ಮಾಡುವವರಿಗೂ ಹತ್ತುವುದಿಲ್ಲ.

ಮರುವರ್ಷ ಬೆಳಿಗ್ಗೆ 7ರಿಂದ 9 ಒಂದು ಪೇಪರ್, 9.30ರಿಂದ 11.30 ಇನ್ನೊಂದು. ನಡುವಿನ ಅರ್ಧ ಗಂಟೆಯಲ್ಲಿ ಸುಸಲಾ ಅಥವಾ ಉಪ್ಪಿಟ್ಟು, ಮೇಲೊಂದು ಲೋಟ ಮಜ್ಜಿಗೆ. ಪೂರ್ವ ದಿಕ್ಕಿನ ಕೋಣೆ ಬೇಡ, ಮಹಡಿ ಬೇಡ, ನೆಲ ಅಂತಸ್ತಿನಲ್ಲಿ ಬೇವಿನ ಮರದ ಪಕ್ಕದ ಕೋಣೆ ಬೇಕು ಅಂತ ಕೇಳಿಕೊಂಡೆವು. ಇವು ಸಣ್ಣ ವಿಷಯಗಳು ಅಂತ ಅನಿಸಬಹುದು. ನನ್ನ ಮಟ್ಟಿಗೆ ಹಾಜರಾತಿ ನಿಂತಿರುವುದೇ ಇದರ ಮೇಲೆ.

ವಿಜ್ಞಾನದವರಿಗೆ ಒಂದು ಮಾತು. ಲ್ಯಾಬ್ ಕೋರ್ಸನ್ನು ಬೇಸಿಗೆಯಲ್ಲಿ ಇಡುವ ಮೊದಲು ಬಾಟಲಿಗಳನ್ನು ನೋಡಿ. ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಮೇ ತಿಂಗಳ ಮಧ್ಯಾಹ್ನ ನಮ್ಮ ಸ್ಟೋರ್ ರೂಮ್ ಅದಕ್ಕಿಂತ ಬಿಸಿ ಇರುತ್ತದೆ. ಅಂದರೆ ಬಾಟಲಿಯ ಮುಚ್ಚಳ ತೆಗೆಯುವುದೇ ಅಪಾಯ, ಅದರ ಆವಿಗೆ ಬೆಂಕಿ ಬಹಳ ಬೇಗ ಹತ್ತುತ್ತದೆ. ಎಕ್ಸಾಸ್ಟ್ ಫ್ಯಾನ್ ಕರೆಂಟಿನ ಮೇಲೆ ಓಡುವುದು, ಕರೆಂಟ್ ಬೇಸಿಗೆಯಲ್ಲೇ ಹೋಗುವುದು. ಹಾಗಾಗಿ ಬೇಸಿಗೆಯ ರಸಾಯನ ಲ್ಯಾಬಿಗೆ ಪ್ರಯೋಗಗಳನ್ನೇ ಬೇರೆ ಆರಿಸಬೇಕು. ನೀರಿನ ಗಡಸುತನ ಅಳೆಯುವುದು, ಮಣ್ಣಿನ ಪರೀಕ್ಷೆ, ಟೈಟ್ರೇಷನ್, ಇವೆಲ್ಲ ಆಗುತ್ತವೆ. ಅದರಲ್ಲೂ ನೀರಿನ ಪರೀಕ್ಷೆಗೆ ಬೇಸಿಗೆಗಿಂತ ಒಳ್ಳೆ ಕಾಲ ಇಲ್ಲ. ಮಕ್ಕಳಿಗೆ ತಮ್ಮೂರ ಬೋರ್‌ವೆಲ್ಲಿನ ನೀರು ತರಲು ಹೇಳಿ. ಯಾರೂ ಮರೆಯದೆ ತರುತ್ತಾರೆ.

ಇಲ್ಲಿ ಸ್ವಲ್ಪ ಹಿಂದೆ ಹೋಗುತ್ತೇನೆ. ಬೇಸಿಗೆ ಕೋರ್ಸು ಯಾರಿಗಾಗಿ ಹುಟ್ಟಿತು ಗೊತ್ತೇ? ಅಮೆರಿಕದ ಹಾರ್ವರ್ಡ್‌ನಲ್ಲಿ 1871ರಲ್ಲಿ ಸಸ್ಯವಿಜ್ಞಾನಿ ಏಸಾ ಗ್ರೇ ಶಾಲಾ ಮೇಷ್ಟ್ರುಗಳಿಗೆ ಸಸ್ಯಶಾಸ್ತ್ರ ಕಲಿಸಲು ಶುರು ಮಾಡಿದ್ದು ಅಲ್ಲಿನ ಬೇಸಿಗೆ ಶಾಲೆಗೆ ಮೊದಲಾಯಿತು. ವರ್ಷವೆಲ್ಲ ಮಕ್ಕಳಿಗೆ ಕಲಿಸುವವರಿಗೆ ತಾವು ಕಲಿಯಲು ಬಿಡುವು ಸಿಗುವುದು ಬೇಸಿಗೆಯಲ್ಲೇ. ನಮ್ಮ ದೇಶದಲ್ಲೂ 1960ರ ದಶಕದಲ್ಲಿ ಯುಜಿಸಿ ವಿಜ್ಞಾನದ ಅಧ್ಯಾಪಕರಿಗಾಗಿ ಬೇಸಿಗೆ ಶಿಬಿರಗಳನ್ನು ನಡೆಸಿತು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು ಇನ್ನೂ ಚೆಂದದ ಕೆಲಸ ಮಾಡಿತು. ಕೆಲಸದಲ್ಲಿದ್ದ ಮೇಷ್ಟ್ರುಗಳು ಬೇಸಿಗೆಯಲ್ಲಿ ಬಂದು ಕ್ಲಾಸಿನಲ್ಲಿ ಕೂರುವುದು, ಉಳಿದ ತಿಂಗಳು ಅಂಚೆಯಲ್ಲಿ ಪಾಠ ತರಿಸಿಕೊಂಡು ಓದುವುದು, ಮತ್ತೆ ಮುಂದಿನ ಬೇಸಿಗೆಗೆ ಬರುವುದು. ಹೀಗೆ ಬಿ.ಎಡ್. ಮುಗಿಸಿದವರು ನಮ್ಮ ರಾಜ್ಯದ ಹಳೇ ತಲೆಮಾರಿನ ಮೇಷ್ಟ್ರುಗಳಲ್ಲಿ ಇದ್ದಾರೆ.

ಆ ಯೋಜನೆ ಮಾಡಿದವರು ಕಲಿಯುವವನ ವರ್ಷವನ್ನು ಪೂರ್ತಿ ನೋಡಿದ್ದರು. ಅವನಿಗೆ ಯಾವಾಗ ಶಾಲೆ, ಯಾವಾಗ ಬಿಡುವು, ಊರು ಬಿಟ್ಟು ಎಷ್ಟು ವಾರ ಇರಬಲ್ಲ, ಎಲ್ಲವನ್ನೂ. ಆಮೇಲೆ ಕೋರ್ಸನ್ನು ಅದಕ್ಕೆ ಹೊಂದಿಸಿದರು.

ಇನ್ನೊಂದು ಬೇರೆ ಥರದ ಕತೆ ಡಾರ್ಟ್‌ಮತ್ ಕಾಲೇಜಿನದು. ಅದೂ ಅಮೆರಿಕದ್ದೇ. ಗಂಡು ಮಕ್ಕಳಿಗಷ್ಟೇ ಇದ್ದ ಕಾಲೇಜು 1972ರಲ್ಲಿ ಹೆಣ್ಣುಮಕ್ಕಳನ್ನು ಸೇರಿಸಿಕೊಂಡಿತು. ಹಾಸ್ಟೆಲ್ ಸಾಲದು. ಗಂಡು ಮಕ್ಕಳ ಸೀಟು ಕಡಿಮೆ ಮಾಡಲೂ ಒಪ್ಪಿಗೆ ಇಲ್ಲ. ಆಗ ವರ್ಷಪೂರ್ತಿ ಕಾಲೇಜು ನಡೆಸಿ, ಮಕ್ಕಳು ಒಂದು ಬೇಸಿಗೆ ಕ್ಯಾಂಪಸ್ಸಿನಲ್ಲೇ ಓದಬೇಕು, ಬದಲಿಗೆ ಬೇರೆ ಕಾಲದಲ್ಲಿ ರಜೆ ತಗೊಳ್ಳಬೇಕು ಅಂತ ಮಾಡಿದರು. ಅದೇ ಕಟ್ಟಡದಲ್ಲಿ ಜಾಸ್ತಿ ಮಕ್ಕಳು ಓದಿದರು. ನಮ್ಮಲ್ಲೂ ಹಾಸ್ಟೆಲ್ ಸೀಟು ಸಿಗದೆ ಓದು ಬಿಟ್ಟ ಹೆಣ್ಣುಮಕ್ಕಳನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಅವರು ಮಾಡಿದ್ದನ್ನೇ ನಾವು ಮಾಡಲು ಆಗಲಿಕ್ಕಿಲ್ಲ. ಆದರೆ ಬೇಸಿಗೆಯಲ್ಲಿ ಎರಡು ತಿಂಗಳು ಬೀಗ ಬಿದ್ದಿರುವ ಹಾಸ್ಟೆಲ್ ನೋಡಿದಾಗೆಲ್ಲ ನನಗೆ ಈ ಕತೆ ನೆನಪಾಗುತ್ತದೆ.

ಇನ್ನು ಪಾಠಕ್ಕೆ ಬರುತ್ತೇನೆ. ಉಳಿದ ಪೇಪರಿನ ಕ್ಲಾಸು ಅಂದರೆ ಅದೇ ಪಾಠವನ್ನು ಎರಡರಷ್ಟು ವೇಗದಲ್ಲಿ ಹೇಳುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗೆ ಮಾಡಿದರೆ ಸುಮ್ನೆ ಎರಡನೇ ಸಲ ಫೇಲ್ ಮಾಡಿಸಿದ ಹಾಗೆ. ಮಕ್ಕಳು ಆ ಪಾಠವನ್ನು ಒಮ್ಮೆ ಕೇಳಿದ್ದಾರೆ. ಎಲ್ಲೋ ಒಂದು ಕಡೆ ಸಿಕ್ಕಿಕೊಂಡಿದ್ದಾರೆ. ಎಲ್ಲಿ ಅಂತ ಹುಡುಕುವುದೇ ಬೇಸಿಗೆ ಕ್ಲಾಸಿನ ಕೆಲಸ.

ಅರ್ಥಶಾಸ್ತ್ರದ ಸಂಖ್ಯಾಶಾಸ್ತ್ರ ಪೇಪರಿಗೆ ಒಬ್ಬಳು ಬಂದಿದ್ದಳು. ಎರಡು ಸಲ ಬರೆದಿದ್ದಳು, ಎರಡು ಸಲವೂ ಹೋಗಿತ್ತು. ಸ್ಟ್ಯಾಂಡರ್ಡ್ ಡೀವಿಯೇಷನ್ ಲೆಕ್ಕ ಯಾವತ್ತೂ ಬರುವುದಿಲ್ಲ ಅಂತ ಅವಳೇ ತೀರ್ಮಾನ ಮಾಡಿಬಿಟ್ಟಿದ್ದಳು. ಆ ವರ್ಷ ಕ್ಲಾಸಿನಲ್ಲಿ 14 ಜನ. ಮೂರನೇ ದಿನ ನಾನು ಅವಳ ಪಕ್ಕದಲ್ಲೇ ಬೆಂಚಿನ ಮೇಲೆ ಕೂತೆ. ಸರಾಸರಿ ಸರಿಯಾಗಿ ತೆಗೆದಳು. ಒಂದೊಂದು ಅಂಕಿಯಿಂದ ಸರಾಸರಿ ಕಳೆದಳು, ಅದೂ ಸರಿ. ಒಂದು ಕಡೆ ಮೈನಸ್ 4 ಬಂತು. ಕ್ಯಾಲ್ಕುಲೇಟರಿನಲ್ಲಿ ಮೈನಸ್ ಒತ್ತಿ, 4 ಒತ್ತಿ, ವರ್ಗದ ಗುಂಡಿ ಒತ್ತಿದಳು. ಮೈನಸ್ 16 ಅಂತ ಬಂತು. ಬರಬೇಕಾಗಿದ್ದು ಬರೀ 16. ಅದನ್ನೇ ಬರೆದುಕೊಂಡು ಮುಂದೆ ಹೋದಳು. ಬ್ರಾಕೆಟ್ ಹಾಕದಿದ್ದರೆ ಕ್ಯಾಲ್ಕುಲೇಟರ್ ಮೊದಲು 4ರ ವರ್ಗ ಮಾಡಿ ಆಮೇಲೆ ಮೈನಸ್ ಹಚ್ಚುತ್ತದೆ. ಮಿಷನ್ ಹೇಳಿದ ಮೇಲೆ ಸರಿಯೇ ಇರಬೇಕು ಅಂತ ಅವಳು ನಂಬಿದ್ದಳು.

ಎರಡು ವರ್ಷ, ಎರಡು ಪರೀಕ್ಷೆ, ಒಂದು ಬ್ರಾಕೆಟ್. 80 ಜನರ ಕ್ಲಾಸಿನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಬೀಳಲಿಲ್ಲ ಅಂತ ಯಾರನ್ನೂ ದೂರುವಂತಿಲ್ಲ. ಬೇಸಿಗೆಯ ಸಣ್ಣ ಕ್ಲಾಸು ಇಂಥದಕ್ಕೆ ಬೇಕು. ಅದಕ್ಕೇ ನಾನು ಆಡಳಿತದವರನ್ನು ಕೇಳಿಕೊಳ್ಳುತ್ತೇನೆ, ಬೇಸಿಗೆ ಕ್ಲಾಸಿಗೆ ಕನಿಷ್ಠ ಎಷ್ಟು ಜನ ಅಂತ ಲೆಕ್ಕ ಹಾಕುವ ಹಾಗೆ ಗರಿಷ್ಠ ಎಷ್ಟು ಜನ ಅಂತಲೂ ಹಾಕಿ. 25 ದಾಟಿದರೆ ಎರಡು ಬ್ಯಾಚ್ ಮಾಡಿ.

ಎರಡು ಬ್ಯಾಚಿಗೆ ಮೇಷ್ಟ್ರು ಎಲ್ಲಿ ಅಂತ ಕೇಳುತ್ತೀರಿ. ಸರಿಯಾದ ಪ್ರಶ್ನೆ. ಕಾಯಂ ಅಧ್ಯಾಪಕರ ಬೇಸಿಗೆಯೂ ಖಾಲಿ ಇರುವುದಿಲ್ಲ. ಮೌಲ್ಯಮಾಪನ ಇದೆ, ರಿಫ್ರೆಷರ್ ಕೋರ್ಸ್ ಇದೆ, ಸ್ವಂತ ಸಂಶೋಧನೆಗೆ ಸಿಗುವ ಸಮಯವೂ ಅದೇ, ಮನೆಯಲ್ಲಿ ವಯಸ್ಸಾದ ತಂದೆ ತಾಯಿ ಇರುತ್ತಾರೆ. ಯುಜಿಸಿಯ 2018ರ ನಿಯಮದ ಪ್ರಕಾರ ರಜೆಯಲ್ಲಿ ಕರೆದು ಕೆಲಸ ಮಾಡಿಸಿದರೆ ಆ ಅವಧಿಯ ಮೂರನೇ ಒಂದು ಭಾಗ ಗಳಿಕೆ ರಜೆ ಸಿಗುತ್ತದೆ. 30 ದಿನ ಕೆಲಸಕ್ಕೆ 10 ದಿನ. ಆ ಆದೇಶವನ್ನು ಕೋರ್ಸು ಶುರುವಾಗುವ ಮೊದಲೇ ಕೈಗೆ ಕೊಡಿ. ಮುಗಿದ ಮೇಲೆ ನೋಡೋಣ ಅಂದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ.

ಅತಿಥಿ ಉಪನ್ಯಾಸಕರ ವಿಷಯದಲ್ಲಿ ನನಗೆ ಬಲವಾದ ಅಭಿಪ್ರಾಯ ಇದೆ. ನಮ್ಮ ಕಾಲೇಜುಗಳ ಪಾಠದ ದೊಡ್ಡ ಭಾರವನ್ನು ಹೊತ್ತಿರುವವರು ಅವರು. ಸೆಮಿಸ್ಟರ್ ಮುಗಿದರೆ ಅವರ ಕೆಲಸವೂ ನಿಲ್ಲುತ್ತದೆ, ಗೌರವಧನವೂ ನಿಲ್ಲುತ್ತದೆ. ಬೇಸಿಗೆ ಅಂದರೆ ಅವರಿಗೆ ಸಂಬಳ ಇಲ್ಲದ ಕಾಲ. ಬೇಸಿಗೆ ಕೋರ್ಸಿಗೆ ಮೊದಲು ಅವರನ್ನು ಕೇಳಬೇಕು, ಗಂಟೆಗೆ ಇಷ್ಟು ಅಂತ ಬರೆದು ಕೊಡಬೇಕು, ಕೋರ್ಸು ಮುಗಿದ ತಿಂಗಳಲ್ಲೇ ಹಣ ಕೊಡಬೇಕು. ಸೇವೆ ಅಂತ ತಿಳಿದು ಪಾಠ ಮಾಡಿ ಅಂತ ಅವರಿಗೆ ಹೇಳುವ ಹಕ್ಕು ನಮಗೆ ಯಾರಿಗೂ ಇಲ್ಲ.

ಇಲ್ಲಿಯವರೆಗೆ ಹೇಳಿದ್ದು ಕಷ್ಟದ ಮಾತು. ಈಗ ನನಗೆ ತುಂಬಾ ಇಷ್ಟವಾದ ಭಾಗ. ಬೇಸಿಗೆಯಲ್ಲಷ್ಟೇ ಕಲಿಸಬಹುದಾದ ಪಾಠಗಳಿವೆ.

ಕೆರೆಯ ತೂಬು ನೋಡಬೇಕು ಅಂದರೆ ಕೆರೆ ಬತ್ತಿರಬೇಕು. ಮಳೆಗಾಲದಲ್ಲಿ ನಿಮಗೆ ಕಾಣುವುದು ನೀರು ಮಾತ್ರ. ಮೇ ತಿಂಗಳಲ್ಲಿ ಹೋದರೆ ತೂಬಿನ ಕಲ್ಲು, ಏರಿಯ ಒಳಗಟ್ಟು, ಹೂಳು ಎಷ್ಟು ತುಂಬಿದೆ, ಎಲ್ಲ ಬರಿಗಣ್ಣಿಗೆ ಕಾಣುತ್ತದೆ. ಮೆಟ್ಟಿಲು ಬಾವಿಯೂ ಹಾಗೆ. ನೀರು ಇಳಿದಷ್ಟೂ ಮೆಟ್ಟಿಲು ಏಳುತ್ತವೆ, ಗೂಡುಗಳು ಕಾಣುತ್ತವೆ, ಅದೃಷ್ಟ ಇದ್ದರೆ ಅಕ್ಷರವೂ ಕಾಣಬಹುದು. ಬೀದರಿನಲ್ಲಿ ಸುರಂಗ ಬಾವಿ ಇದೆ, ಕರೇಜ್ ಅಂತಾರೆ. 15ನೇ ಶತಮಾನದ್ದು, ಬಹಮನಿ ಅರಸರ ಕಾಲದ್ದು. ನೆಲದಡಿಯ ಸುರಂಗದಲ್ಲಿ ನೀರು ತನ್ನ ಪಾಡಿಗೆ ಇಳಿಜಾರಿನಲ್ಲಿ ಹರಿದು ಬರುತ್ತದೆ. ಅಲ್ಲಲ್ಲಿ ಬೆಳಕಿಗೆ, ಗಾಳಿಗೆ ಬಾವಿ ತೋಡಿದ್ದಾರೆ. ಇತಿಹಾಸದವರು, ಭೂಗೋಳದವರು, ಭೂವಿಜ್ಞಾನದವರು ಮೂವರೂ ಸೇರಿ ಎರಡು ಕ್ರೆಡಿಟ್ಟಿನ ಒಂದು ಕೋರ್ಸು ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ! ಪ್ರಾಯೋಗಿಕ ಲೆಕ್ಕದಲ್ಲಿ 60 ಗಂಟೆ. ಬೆಳಿಗ್ಗೆ 6ಕ್ಕೆ ಹೊರಟು 10ರೊಳಗೆ ವಾಪಸ್. 15 ಬೆಳಗಿನ ಕೆಲಸ. ಆದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ತಗೊಳ್ಳಿ, ಊರಿನ ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ, ಸುರಂಗದ ಒಳಗೆ ಮಕ್ಕಳನ್ನು ಇಳಿಸಬೇಡಿ.

ಮದುವೆಯ ಕಾಲ ಅಂದೆನಲ್ಲ. ಅದು ಕ್ಲಾಸಿಗೆ ಅಡ್ಡಿ ಅಂತ ನಾವು ಗೊಣಗುತ್ತೇವೆ. ಆದರೆ ಕನ್ನಡ ಎಂ.ಎ. ಮಕ್ಕಳಿಗೆ ಸೋಬಾನೆ ಪದ, ಬೀಗರ ಹಾಡು ಕೇಳಲು ಬೇರೆ ಕಾಲ ಯಾವುದಿದೆ? ಅಕ್ಕನ ಮದುವೆ ಅಂತ ಕ್ಲಾಸು ಬಿಟ್ಟ ಆ ಹುಡುಗಿ ನೆನಪಿರಬೇಕು ನಿಮಗೆ. ಮುಂದೆ ಅವಳ ಊರಿನ ಕಡೆಯಿಂದಲೇ ಈ ಕೆಲಸ ಶುರುವಾಯಿತು. ಮಕ್ಕಳು ತಮ್ಮ ಮನೆಯ ಮದುವೆಗೇ ಹೋಗಿ, ಅರಿಶಿಣ ಹಚ್ಚುವಾಗ ಅಜ್ಜಿಯರು ಹಾಡುವುದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ, ಬರೆದು ತರಬೇಕು. ಬರೆಯುವಾಗ ಅಜ್ಜಿ ಹೇಳಿದ ಹಾಗೇ ಬರೆಯಬೇಕು, ತಿದ್ದಬಾರದು. ಒಬ್ಬಳು ತನ್ನ ಅಜ್ಜಿಯ 22 ಹಾಡು ತಂದಳು. ಅಷ್ಟು ದಿನ ಅದೇ ಮನೆಯಲ್ಲಿದ್ದರೂ ಅಜ್ಜಿಗೆ ಅಷ್ಟು ಹಾಡು ಬರುತ್ತದೆ ಅಂತ ತನಗೆ ಗೊತ್ತಿರಲಿಲ್ಲ ಅಂದಳು.

ನಾವೇ ಎಲ್ಲವನ್ನೂ ನಡೆಸಬೇಕಾಗಿಯೂ ಇಲ್ಲ. ಬೇರೆಯವರು ನಡೆಸುವುದಕ್ಕೆ ನಮ್ಮ ಮಕ್ಕಳನ್ನು ಕಳಿಸುವುದೂ ಯೋಜನೆಯೇ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಅದರಲ್ಲಿ ಒಂದು ಸರ್ ಸಿ.ವಿ. ರಾಮನ್ ಬೆಂಗಳೂರಿನಲ್ಲಿ 1934ರಲ್ಲಿ ಕಟ್ಟಿದ ಅಕಾಡೆಮಿ. ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ. ಮಕ್ಕಳಿಗೂ ಇದೆ, ಅಧ್ಯಾಪಕರಿಗೂ ಇದೆ. ಗಣಿತದವರಿಗೆ 1993ರಿಂದ ನಡೆಯುತ್ತಿರುವ ಎಂಟಿಟಿಎಸ್ ಅನ್ನುವ ಬೇಸಿಗೆ ತರಬೇತಿ ಇದೆ, ನಾಲ್ಕು ವಾರದ್ದು, ಪ್ರೊಫೆಸರ್ ಎಸ್. ಕುಮರೇಶನ್ ಶುರು ಮಾಡಿದ್ದು. ಇವೆಲ್ಲದರ ಅರ್ಜಿ ಬೇಸಿಗೆಗೆ ಎಷ್ಟೋ ತಿಂಗಳು ಮೊದಲೇ ಮುಗಿದಿರುತ್ತದೆ. ನಮ್ಮ ಮಕ್ಕಳಿಗೆ ಗೊತ್ತಾಗುವುದು ಏಪ್ರಿಲ್‌ನಲ್ಲಿ. ಬುದ್ಧಿ ಕಡಿಮೆಯಾಗಿ ಅವರು ತಪ್ಪಿಸಿಕೊಳ್ಳುತ್ತಿಲ್ಲ, ಸುದ್ದಿ ತಡವಾಗಿ ಬಂದು ತಪ್ಪಿಸಿಕೊಳ್ಳುತ್ತಿದ್ದಾರೆ. ಪ್ರತಿ ವಿಭಾಗದಲ್ಲಿ ಒಬ್ಬರು ನವೆಂಬರಿನಲ್ಲಿ ಕೂತು ಈ ಅರ್ಜಿಗಳನ್ನು ತುಂಬಿಸಬೇಕು.

ನವೆಂಬರ್ ಅಂದೆ. ಹೌದು, ಬೇಸಿಗೆ ಕೋರ್ಸಿನ ಕೆಲಸ ಶುರುವಾಗಬೇಕಾದ್ದು ಆಗಲೇ. ಏಪ್ರಿಲ್‌ನಲ್ಲಿ ಶುರು ಮಾಡಿದರೆ ನಮ್ಮ ಮೊದಲ ವರ್ಷದ ಹಾಗೇ ಆಗುತ್ತದೆ. ಅಧ್ಯಯನ ಮಂಡಳಿ ಒಪ್ಪಬೇಕು, ವಿದ್ಯಾವಿಷಯಕ ಪರಿಷತ್ತಿಗೆ ಹೋಗಬೇಕು, ಆ ಸಭೆಗಳು ನಮ್ಮ ಆತುರಕ್ಕೆ ಸೇರುವುದಿಲ್ಲ. ಪ್ರವೇಶದಿಂದ ಅಂಕದವರೆಗೆ ಎಲ್ಲ ದಾಖಲಾಗುವ ಸರ್ಕಾರದ ಯುಯುಸಿಎಂಎಸ್ ಪೋರ್ಟಲಿನಲ್ಲಿ ಕೋರ್ಸು ಬಂದಿದೆಯೇ ಅಂತ ಪಾಠ ಶುರು ಮಾಡುವ ಮೊದಲೇ ನೋಡಿಕೊಳ್ಳಬೇಕು. ಪಾಠ ಆಯಿತು, ಪರೀಕ್ಷೆ ಆಯಿತು, ಅಂಕ ಹಾಕಲು ಜಾಗವೇ ಇಲ್ಲ ಅಂದರೆ ಮಕ್ಕಳ ಮುಖ ನೋಡಲು ಆಗುವುದಿಲ್ಲ. ಮೌಲ್ಯಮಾಪನ ವಿಭಾಗದವರಿಂದ ಫಲಿತಾಂಶದ ದಿನಾಂಕ ಬರೆಸಿಕೊಳ್ಳಿ. ಎಂ.ಎ., ಬಿ.ಎಡ್. ಪ್ರವೇಶ ಮುಗಿದ ಮೇಲೆ ಬಂದ ಫಲಿತಾಂಶದಿಂದ ಏನು ಉಪಯೋಗ?

ಹಾಸ್ಟೆಲ್ ವಾರ್ಡನ್, ಮೆಸ್ ನಡೆಸುವವರು, ನೀರಿನ ಟ್ಯಾಂಕರಿನವರು, ಇವರನ್ನು ಫೆಬ್ರವರಿಯಲ್ಲೇ ಕೂರಿಸಿಕೊಂಡು ಮಾತಾಡಿ. ಬೇಸಿಗೆಯಲ್ಲಿ 30 ಮಕ್ಕಳಿಗೆ ಮೆಸ್ ತೆರೆದರೆ ಅವರಿಗೆ ಗಿಟ್ಟುವುದಿಲ್ಲ, ಅದು ನಿಜ. ಹಾಗಾಗಿ ಎರಡು ಮೂರು ವಿಭಾಗಗಳು ಒಂದೇ 5 ವಾರ ಆರಿಸಿಕೊಳ್ಳಬೇಕು. ಸಾರಿಗೆ ಸಂಸ್ಥೆಗೆ ಬಸ್ಸಿನ ಸಮಯದ ಬಗ್ಗೆ ಪತ್ರ ಬರೆಯಿರಿ. 2023ರ ಜೂನಿನಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಚಿಂತೆ ಇಲ್ಲ. ಬೇಸಿಗೆ ಕ್ಲಾಸಿಗೆ ಅವರು ಜಾಸ್ತಿ ಬರುತ್ತಿರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹುಡುಗರಿಗೆ ಪಾಸು ಮುಗಿದಿರುತ್ತದೆ. ಕೋರ್ಸಿನ ಶುಲ್ಕದಲ್ಲಿ ಒಂದಿಷ್ಟನ್ನು ಅವರ ಬಸ್ ಚಾರ್ಜಿಗೆ ಎತ್ತಿಡಬಹುದು. ನಾವು ಹಾಗೆ ಮಾಡಿದೆವು, ದೊಡ್ಡ ಮೊತ್ತವೇನೂ ಆಗಲಿಲ್ಲ.

ಕೋವಿಡ್ ನಂತರ ಕ್ಯಾಲೆಂಡರ್ ಎಷ್ಟು ಏರುಪೇರಾಯಿತೆಂದರೆ ಕೆಲವು ಕಡೆ ಬೇಸಿಗೆ ರಜೆ ಮಳೆಗಾಲಕ್ಕೆ ಹೋಯಿತು. ನಿಮ್ಮಲ್ಲಿ ಹಾಗಿದ್ದರೆ ನಾನು ಹೇಳಿದ ತಿಂಗಳುಗಳನ್ನು ಬದಲಿಸಿಕೊಳ್ಳಿ. ಆಗ ಬಿಸಿಲಿನ ಬದಲು ಬಿತ್ತನೆ ಎದುರಾಗುತ್ತದೆ, ಅಷ್ಟೇ.

ಪ್ರಶ್ನೆಗಳು ಬಂದವು. ಒಬ್ಬರು ಕೇಳಿದರು, ಆನ್‌ಲೈನ್ ಮಾಡಿದರೆ ಈ ಬಸ್ಸು, ಬಿಸಿಲು, ಹಾಸ್ಟೆಲ್ ಯಾವ ತೊಂದರೆಯೂ ಇರುವುದಿಲ್ಲವಲ್ಲ? ನಾನು ಹೇಳಿದೆ, ಕಟ್ಟಡದ ಕೆಲಸಕ್ಕೆ ಹೋದ ಆ ಹುಡುಗನಿಗೆ ರಾತ್ರಿ 8 ಗಂಟೆಯ ಕ್ಲಾಸನ್ನು ಫೋನಿನಲ್ಲಿ ಕೊಟ್ಟು ನೋಡಿದ್ದೇವೆ. ಮೊದಲ ವಾರ ಕೇಳಿದ. ಆಮೇಲೆ ದಣಿದು ನಿದ್ದೆ ಹೋಗುತ್ತಿದ್ದ. ಅವನಿಗೆ ಬೇಕಾಗಿದ್ದು ಫೀ ಕಂತು. ಫೀಯನ್ನು ಮೂರು ಕಂತಿನಲ್ಲಿ ಕಟ್ಟಲು ಬಿಟ್ಟ ವರ್ಷ ಅವನು ಬೆಂಗಳೂರಿನಿಂದ ಮೂರು ವಾರ ಮೊದಲೇ ಬಂದು ಕೊನೆಯ ಪೇಪರ್ ಮುಗಿಸಿದ. ಇನ್ನು ಆ ಬ್ರಾಕೆಟ್ ಅಂತೂ ಆನ್‌ಲೈನಿನಲ್ಲಿ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಇನ್ನೊಬ್ಬರು, ಬೇಸಿಗೆ ಕೋರ್ಸಿದೆ ಅಂತ ಗೊತ್ತಾದರೆ ಮಕ್ಕಳು ವರ್ಷದಲ್ಲಿ ಸರಿಯಾಗಿ ಓದುವುದಿಲ್ಲ ಅಂದರು. ಆ ಭಯ ನನಗೂ ಇತ್ತು. ಆದರೆ ಬಿಸಿಲಲ್ಲಿ 30 ದಿನ ಬೆಳಿಗ್ಗೆ 7 ಗಂಟೆಗೆ ಬರುವುದು ಯಾರಿಗೂ ಸುಲಭದ ದಾರಿ ಅಂತ ಕಂಡಿಲ್ಲ.

ಕೊನೆಗೆ ಹಿಂದಿನ ಸಾಲಿನಿಂದ ಒಬ್ಬ ಅತಿಥಿ ಉಪನ್ಯಾಸಕಿ ಎದ್ದು ಕೇಳಿದರು. "ಸರ್, ನಮ್ಮ ಕಾಲೇಜಿನಲ್ಲಿ ಇದ್ಯಾವುದಕ್ಕೂ ದುಡ್ಡಿಲ್ಲ. ಒಂದೇ ಒಂದು ಕೆಲಸ ಮಾಡಬಹುದು ಅಂದರೆ ಯಾವುದು ಮಾಡಲಿ?"

ನವೆಂಬರಿನಲ್ಲಿ ಒಂದು ಹಾಳೆ ಹಂಚಿ ಅಂದೆ. ಅದರಲ್ಲಿ ಮೂರೇ ಪ್ರಶ್ನೆ. ಬೇಸಿಗೆಯಲ್ಲಿ ನೀವು ಎಲ್ಲಿರುತ್ತೀರಿ? ಅಲ್ಲಿ ಏನು ಮಾಡುತ್ತೀರಿ? ಅದರಲ್ಲಿ ಯಾವ 5 ವಾರ ಬಿಡಬಹುದು? ಹೆಸರು ಬರೆಯಬೇಕಾಗಿಲ್ಲ. ನಾವು ಇದನ್ನು ಮೊದಲ ಸಲ ಹಂಚಿದಾಗ ಒಂದು ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಒಂದು ಸಾಲು ಇತ್ತು. "ರಜಾದಾಗ ಹೆಣ್ಮಕ್ಕಳ ಟಾಯ್ಲೆಟ್ ಕೀಲಿ ಹಾಕಿರ್ತೀರಿ. ತೆಗೀತೀರೇನ್ರಿ?" ನಮ್ಮ ಸಮಿತಿಯಲ್ಲಿ ಏಳು ಜನ ಇದ್ದೆವು. ನಾಲ್ಕು ಸಭೆ ಮಾಡಿದ್ದೆವು. ಯಾರ ತಲೆಗೂ ಇದು ಬಂದಿರಲಿಲ್ಲ. ಆಗಿನಿಂದ ಪ್ರತಿ ಬೇಸಿಗೆ, ಪರೀಕ್ಷೆ ಮುಗಿದ ದಿನವೇ ಆ ಕೀಲಿ ಕೈಯನ್ನು ಆಫೀಸಿನಿಂದ ತಂದು ಬೇವಿನ ಮರದ ಪಕ್ಕದ ಆ ಕೋಣೆಯ ಮೊಳೆಗೆ ತೂಗುಹಾಕುತ್ತೇವೆ.